ತಡವಾದ ಪಟ್ಟಿ, ತಪ್ಪಿಹೋದ ಹೆಸರು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಫರೀದಾಬಾದು, ನೋಯ್ಡಾ, ಗುರುಗ್ರಾಮಗಳಲ್ಲಿ ದುಡಿಯುವ ನಮಗೆ ತಿಂಗಳ ಕೊನೆಯೆಂದರೆ ಸಂಬಳದ ಪಟ್ಟಿ. ಆ ಪಟ್ಟಿ ಈಗ ಗಣಕಯಂತ್ರದಿಂದ ಬರುತ್ತದೆ. ತಡವಾದರೆ ‘ಯಂತ್ರ ಹಳೆಯದು’ ಎನ್ನುತ್ತಾರೆ. ಯಾರದಾದರೂ ಹೆಸರು ಬಿಟ್ಟುಹೋದರೆ ‘ಯಂತ್ರವೇ ಹೀಗೆ ಹೇಳುತ್ತಿದೆ’ ಎನ್ನುತ್ತಾರೆ. ಆದರೆ ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆದುದರಿಂದ ಮೊದಲು ಪರೀಕ್ಷಿಸಬೇಕಾದುದು ಪ್ರಶ್ನೆಯನ್ನು. ಇಷ್ಟನ್ನೇ ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಲೆಕ್ಕಗಳನ್ನೆಲ್ಲ ಕೋಷ್ಟಕಗಳಲ್ಲಿಟ್ಟು, ಒಂದನ್ನೊಂದಕ್ಕೆ ಸಮಾನವಾದ ಸಂಖ್ಯೆಯಿಂದ ಜೋಡಿಸುವ ಪದ್ಧತಿಯನ್ನು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬವರು ೧೯೭೦ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ೧೯೭೪ರಲ್ಲಿ ಅದಕ್ಕೊಂದು ಪ್ರಶ್ನೆಯ ಭಾಷೆಯನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಇದರಲ್ಲಿ ಏನು ಬೇಕೆಂದಷ್ಟೇ ನಾವು ಹೇಳುತ್ತೇವೆ. ಯಾವ ದಾರಿಯಲ್ಲಿ ಹುಡುಕಬೇಕೆಂಬುದನ್ನು ಯಂತ್ರವೇ ಗೊತ್ತುಮಾಡುತ್ತದೆ. ಸುಖವೂ ಇಲ್ಲಿಯೇ, ತೊಡಕೂ ಇಲ್ಲಿಯೇ.

ಕಿಟೆಲರ ೧೮೯೪ರ ನಿಘಂಟಿನಲ್ಲಿ ‘ಮಳೆ’ ಎಂಬ ಪದವನ್ನು ಹುಡುಕುವುದು ಕ್ಷಣದ ಕೆಲಸ. ಆದರೆ ‘ಗಾರ’ ಎಂದು ಕೊನೆಗೊಳ್ಳುವ ಪದಗಳೆಲ್ಲ ಬೇಕೆಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕು. ಕೋಷ್ಟಕಕ್ಕೂ ಇಂತಹ ಸೂಚಿಯುಂಟು. ಅದಕ್ಕೆ ಇಂಡೆಕ್ಸ್ ಎನ್ನುತ್ತಾರೆ. ಸೂಚಿಯ ಒಂದು ಪುಟದಲ್ಲಿ ೧೦೦ ನಮೂದುಗಳು ಹಿಡಿಯುವುದಾದರೆ, ಮೂರೇ ಮೆಟ್ಟಿಲಲ್ಲಿ ೧೦ ಲಕ್ಷ ಸಾಲುಗಳಲ್ಲಿ ಬೇಕಾದ ಒಂದನ್ನು ತಲಪಬಹುದು. ಸೂಚಿಯಿಲ್ಲದಿದ್ದರೆ ೧೦ ಲಕ್ಷವನ್ನೂ ತಿರುವಿಹಾಕಬೇಕು.

ಸೂಚಿಯ ಕ್ರಮವೂ ಮುಖ್ಯ. ಕರ್ನಾಟಕದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ದೆಹಲಿಯಲ್ಲಿ ಕುಳಿತೇ ಊರಿನ ಪಹಣಿಯನ್ನು ನೋಡುವವರು ಬಲ್ಲರು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರು. ಇಂತಹ ಕ್ರಮದಲ್ಲಿ ಜೋಡಿಸಿದ ಸೂಚಿಯ ಮುಂದೆ ಬರಿಯ ‘ಸರ್ವೆ ನಂಬರು ೪೨’ ಎಂದರೆ ಕೆಲಸ ಸಾಗದು. ೪೨ನೆಯ ನಂಬರು ಎಷ್ಟೋ ಊರುಗಳಲ್ಲಿದೆ.

ಇನ್ನು ನಮ್ಮ ಕಚೇರಿಯ ಮಾತು. ಹಾಜರಿಯ ದಿನಾಂಕಕ್ಕೆ ಸೂಚಿಯಿದ್ದೂ, ‘ದಿನಾಂಕದ ತಿಂಗಳು ೩, ವರ್ಷ ೨೦೨೪ ಆಗಿರುವ ಸಾಲುಗಳು’ ಎಂದು ಕೇಳಿದರೆ ಯಂತ್ರವು ಸಾಮಾನ್ಯವಾಗಿ ಸಾಲುಸಾಲಿನ ದಿನಾಂಕವನ್ನೂ ಬಿಡಿಸಿ ನೋಡುತ್ತದೆ. ಸೂಚಿ ಮೂಲೆಗೆ ಬೀಳುತ್ತದೆ. ‘೨೦೨೪ರ ಮಾರ್ಚ್ ೧ರಿಂದ, ಏಪ್ರಿಲ್ ೧ಕ್ಕೆ ಮುಂಚಿನವು’ ಎಂದು ಕೇಳಿದರೆ ಸೂಚಿಯನ್ನು ಹಿಡಿದು ಹೋಗಬಲ್ಲುದು. ಅದು ಹಿಡಿದ ದಾರಿ ಯಾವುದೆಂದು ತಿಳಿಯಲು, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಪದವನ್ನು ಸೇರಿಸಿದರೆ ಸಾಕು. ಕೆಲವೊಮ್ಮೆ ಪ್ರಶ್ನೆಯು ನಿಧಾನವಾಗಿರುವುದಿಲ್ಲ, ಕಾದಿರುತ್ತದೆ: ಮತ್ತೊಬ್ಬರು ಅದೇ ಸಾಲುಗಳನ್ನು ತಿದ್ದಲಾರಂಭಿಸಿ, ಮುಗಿಸದೆ ಚಹಕ್ಕೆ ಎದ್ದುಹೋಗಿರಬಹುದು. ಹಾಗೆಂದು ಕಂಡಕಂಡಲ್ಲಿ ಸೂಚಿ ಕಟ್ಟುವುದೂ ತರವಲ್ಲ. ಹೊಸ ಸಾಲು ಬರೆದಾಗಲೆಲ್ಲ ಪ್ರತಿಯೊಂದು ಸೂಚಿಯಲ್ಲೂ ಬರೆಯಬೇಕಾಗುತ್ತದೆ.

ತಡವಾದರೆ ಒಂದು ದಿನ ಕಾಯಬಹುದು. ಅದಕ್ಕಿಂತ ಕೆಡುಕಿನದು, ಬೇಗ ಬಂದ ತಪ್ಪು ಪಟ್ಟಿ. ಕೆಲಸಗಾರರ ಕೋಷ್ಟಕವನ್ನು ಬ್ಯಾಂಕು ಖಾತೆಗಳ ಕೋಷ್ಟಕಕ್ಕೆ ಸಾಮಾನ್ಯ ‘ಜಾಯಿನ್’ನಿಂದ ಜೋಡಿಸಿದರೆ ಎರಡರಲ್ಲಿಯೂ ಇರುವವರು ಮಾತ್ರ ಉಳಿಯುತ್ತಾರೆ. ರಾಯಚೂರಿನಿಂದ ಹೊಸದಾಗಿ ಬಂದು, ಖಾತೆಯ ನಂಬರು ಇನ್ನೂ ಏರದ ಹುಡುಗ ಸದ್ದಿಲ್ಲದೆ ಬಿಟ್ಟುಹೋಗುತ್ತಾನೆ. ಯಂತ್ರವು ದೋಷವೆಂದು ಕೂಗುವುದಿಲ್ಲ; ಅದರ ಪಾಲಿಗೆ ದೋಷವೇ ಆಗಿಲ್ಲ. ‘ಲೆಫ್ಟ್ ಜಾಯಿನ್’ ಮಾಡಿದರೆ ಅವನ ಹೆಸರು ಉಳಿದು ಖಾತೆಯ ಮನೆ ಮಾತ್ರ ಖಾಲಿ ಕಾಣುತ್ತದೆ. ಆಗ ಗುಮಾಸ್ತನು ಅವನನ್ನು ಕರೆದು ಕೇಳಬಹುದು. ಇದಕ್ಕೆ ವಿರುದ್ಧವಾಗಿ, ಒಬ್ಬನಿಗೆ ಎರಡು ಖಾತೆಯ ಸಾಲುಗಳಿದ್ದರೆ ಅವನ ಓವರ್‌ಟೈಮ್ ಇಮ್ಮಡಿಯಾಗುತ್ತದೆ. ಮುಂದಿನ ತಿಂಗಳು ಅದನ್ನು ಕಡಿತ ಮಾಡಿದಾಗ ಅವನ ಮನೆಗೆ ಕಳುಹಿಸುವ ಹಣದಲ್ಲಿ ಕೊರತೆ ಬೀಳುತ್ತದೆ.

ಇದಕ್ಕೆ ಮದ್ದು ಹಳೆಯ ಗುಮಾಸ್ತಿಕೆಯದೇ: ಎಣಿಕೆ. ಹಾಜರಿಯಲ್ಲಿ ತಲೆ ಎಷ್ಟು, ಪಟ್ಟಿಯಲ್ಲಿ ಹೆಸರು ಎಷ್ಟು? ಅಲ್ಲಿನ ಒಟ್ಟು ಗಂಟೆ ಎಷ್ಟು, ಇಲ್ಲಿ ಎಷ್ಟು? ಎರಡೂ ಕೂಡಿಬಂದ ಮೇಲೆ ವೇಗದ ಮಾತು.

ಮೇಲೆ ಹೇಳಿದ ಎರಡು ತಂತ್ರಾಂಶಗಳೂ ಬೆಲೆಯಿಲ್ಲದೆ ದೊರೆಯುತ್ತವೆ. ಆಸಕ್ತರು ಅಭ್ಯಾಸ ಮಾಡಬಹುದು. ಗುಮಾಸ್ತ ಬಂಧುಗಳಲ್ಲಿ ನಮ್ಮ ವಿನಂತಿ ಒಂದೇ: ಹೆಸರಿಲ್ಲದವನು ಕಿಟಕಿಗೆ ಬಂದು ನಿಂತಾಗ ‘ಯಂತ್ರದಲ್ಲಿಲ್ಲ’ ಎಂದು ಹಿಂದಕ್ಕೆ ಕಳುಹಿಸಬೇಡಿರಿ, ಹಾಜರಿ ಪುಸ್ತಕವನ್ನು ತೆರೆಯಿರಿ. ಕೆಲಸಗಾರ ಬಂಧುಗಳೂ ಸಂಕೋಚವಿಲ್ಲದೆ ‘ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ’ ಎಂದು ಕೇಳಿರಿ.