ಕಂಪ್ಯೂಟರ್ ಸರಿಯಾಗಿ ಆನ್ ಆಗದಿದ್ದರೆ ಮೊದಲು ಏನು ನೋಡಬೇಕು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ" ಎಂದರು. ಅದನ್ನು ಟಿ.ವಿ.ಯಲ್ಲಿ ದಿನಾ ಹೇಳುತ್ತಾರೆ. ನಾನು ಊರಿಗೆ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಬೇರೆಯೇ ಇದೆ: "ನಮ್ಮನೆ ಕಂಪ್ಯೂಟರ್ ಆನ್ ಆಗೋಕೆ ಹತ್ತು ನಿಮಿಷ ಬೇಕು, ಕೆಲವು ದಿನ ಆನೇ ಆಗಲ್ಲ, ಏನ್ ಮಾಡೋದಪ್ಪ?" ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಊರಿನ ಮನೆಗೆ ಒಂದು ಕಂಪ್ಯೂಟರ್ ತಂದೆ. ಏಳನೇ ಕ್ಲಾಸಿಗೆ ಓದು ಬಿಟ್ಟಿದ್ದ ನಮ್ಮಪ್ಪ ಒಂದೊಂದೇ ಅಕ್ಷರ ಹುಡುಕಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದನ್ನು ಕಲಿತರು. ಸಂಜೆ ಹೊತ್ತು ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಕೇಳಿ ಕೇಳಿ ಅದರಲ್ಲಿ ಬರೆದಿಟ್ಟರು. ಮೂವತ್ತಕ್ಕೂ ಹೆಚ್ಚು ಪದಗಳಾಗಿದ್ದವು. ಆಮೇಲೆ ಅಜ್ಜಿ ತೀರಿಕೊಂಡರು.

ಕೆಲವು ವರ್ಷದ ನಂತರ ಕಂಪ್ಯೂಟರ್ ತಕರಾರು ಶುರು ಮಾಡಿತು. ಅಪ್ಪ ಫೋನಿನಲ್ಲಿ ಹೇಳಲು ಹೊರಟಾಗ ನಾನು ಪೂರ್ತಿ ಕೇಳಲಿಲ್ಲ. "ವೈರಸ್ ಬಂದಿರುತ್ತೆ ಬಿಡಪ್ಪಾ, ಬಂದಾಗ ನೋಡ್ತೀನಿ" ಎಂದೆ. ಯುಗಾದಿಗೆ ಬಂದವನೇ ಕುಳಿತು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದೆ. ಮಾರನೇ ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರೆಗಳಿಗೆ ತಿರುಗಿ ನಿಂತಿತು. ಅದೇ ಕಾಯಿಲೆ!

ಆಗ ಅಪ್ಪ ಗೋಡೆಯ ಕ್ಯಾಲೆಂಡರ್ ತಂದು ಮುಂದಿಟ್ಟರು. ಡೇರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿದ್ದರು: "ಬೆಳಿಗ್ಗೆ ನಾಲ್ಕು ಸಲ ಒತ್ತಿದ ಮೇಲೆ ಆನ್." "ಮಧ್ಯಾಹ್ನ ಒಂದೇ ಸಲಕ್ಕೆ." "ತಾರೀಕು ತಪ್ಪು ತೋರಿಸಿತು." "ಒಳಗೆ ಟಕ್ ಟಕ್ ಸದ್ದು." ನಂತರ ಮೆಲ್ಲಗೆ ಕೇಳಿದರು, "ಮಗಾ, ಅಜ್ಜಿ ಪದ ಇತ್ತಲ್ಲ, ಅದು ಎಲ್ಲಿ?"

ಅಪ್ಪ ಅದನ್ನು ಡೆಸ್ಕ್‌ಟಾಪ್‌ನಲ್ಲೇ ಇಟ್ಟಿದ್ದರು. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್. ನಾನು ಅಳಿಸಿದ್ದು ಅದನ್ನೇ. ಅಪ್ಪ ಇವತ್ತಿನವರೆಗೂ ಬೈದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಪ್ರಯೋಗದ ಪುಸ್ತಕದಲ್ಲಿ ಮೊದಲು 'ವೀಕ್ಷಣೆ', ಆಮೇಲೆ 'ತೀರ್ಮಾನ' ಎಂದು ಬರೆಸುತ್ತಿದ್ದರು. ಇಂಜಿನಿಯರ್ ಆದ ನಾನು ತೀರ್ಮಾನದಿಂದ ಶುರು ಮಾಡಿದೆ. ವೀಕ್ಷಣೆ ಬರೆದಿಟ್ಟವರು ನಮ್ಮಪ್ಪ. ಆ ನಾಲ್ಕು ಸಾಲಿನಲ್ಲಿ ರೋಗವೆಲ್ಲ ಇತ್ತು. ತಣ್ಣಗಿದ್ದಾಗ ಎತ್ತದೆ, ನಾಲ್ಕಾರು ಸಲ ಒತ್ತಿದ ಮೇಲೆ ಎತ್ತಿದರೆ ಅದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ ಸೊರಗಿರುವ ಗುರುತು. ತಾರೀಕು ತಪ್ಪಿದರೆ ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದಿರುತ್ತದೆ. ಟಕ್ ಟಕ್ ಎಂದರೆ ಹಾರ್ಡ್ ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ ಎಂದರ್ಥ. ವೈರಸ್ ಇರಲೇ ಇಲ್ಲ.

ಕಂಪ್ಯೂಟರ್ ಆನ್ ಆಗುವುದು ನಾಲೆಯಲ್ಲಿ ನೀರು ಬಂದ ಹಾಗೆ. ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ತಕ್ಷಣ ಕೊನೆಯ ಗದ್ದೆಗೆ ಬರುವುದಿಲ್ಲ. ದೊಡ್ಡ ನಾಲೆ, ಉಪನಾಲೆ, ತೂಬು, ಕಾಲುವೆ ದಾಟಿ ಬರಬೇಕು. ಇಲ್ಲಿಯೂ ಹಾಗೆಯೇ. ಮೊದಲು ಕರೆಂಟು, ಆಮೇಲೆ ಮದರ್‌ಬೋರ್ಡ್ ತನ್ನನ್ನೇ ಪರೀಕ್ಷಿಸಿಕೊಳ್ಳುವುದು, ಆಮೇಲೆ ಡಿಸ್ಕಿನಿಂದ ವಿಂಡೋಸ್ ಬರುವುದು, ಕೊನೆಗೆ ನಿಮ್ಮ ಪ್ರೋಗ್ರಾಂಗಳು. ನೀರು ಬರದಿದ್ದರೆ ರೈತ ಗದ್ದೆಯನ್ನು ಅಗೆಯುವುದಿಲ್ಲ, ಎಲ್ಲಿ ನಿಂತಿದೆ ಎಂದು ನಾಲೆ ಏರಿಯ ಮೇಲೆ ನಡೆದುಕೊಂಡು ಹೋಗುತ್ತಾನೆ. ನೀವೂ ಹಾಗೇ ಹೋಗಿ.

ಮೊದಲ ನಿಲ್ದಾಣ ಕರೆಂಟು. ಬಟನ್ ಒತ್ತಿದರೆ ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದರೆ ಪ್ಲಗ್, ವೈರು, ಯುಪಿಎಸ್ ನೋಡಿ. ಬೋರ್‌ವೆಲ್ ಮೋಟಾರ್ ಎತ್ತದಿದ್ದರೆ ಮೊದಲು ಫ್ಯೂಸ್, ಸ್ಟಾರ್ಟರ್ ನೋಡುತ್ತೀರಿ, ನೇರ ಮೋಟಾರ್ ಮೇಲೆತ್ತಿಸುವುದಿಲ್ಲ. ಹಾಗೇ. ವೈರು ಸರಿ ಇದ್ದರೆ ಎಸ್‌ಎಂಪಿಎಸ್ ಬದಲಿಸಬೇಕಾಗಬಹುದು. ಆ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ಕರೆಂಟು ಉಳಿದಿರುತ್ತದೆ.

ಎರಡನೆಯದು, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಬೀಪ್ ಬೀಪ್ ಸದ್ದು. ಶ್ರೀರಂಗಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಸಹಪಾಠಿ ಇದಕ್ಕೇ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟಿದ್ದ. ಪ್ಲಗ್ ತೆಗೆದು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದೆವು. ಆನ್ ಆಯಿತು. ಖರ್ಚು, ಒಂದು ರಬ್ಬರ್.

ಮೂರನೆಯದು, ಪ್ರತಿ ಸಲ ತಾರೀಕು ತಪ್ಪುವುದು. ನಾಗಮಂಗಲದ ನಮ್ಮಕ್ಕನ ಮನೆಯಲ್ಲಿ ಹೀಗಾಗಿ ಬ್ಯಾಂಕಿನ ಪುಟ, ಅರ್ಜಿಯ ಪುಟ ಯಾವುದೂ ತೆರೆಯುತ್ತಿರಲಿಲ್ಲ. ತಾರೀಕು ತಪ್ಪಾದರೆ ಆ ಪುಟಗಳ ಭದ್ರತಾ ಪ್ರಮಾಣಪತ್ರವನ್ನು ಕಂಪ್ಯೂಟರ್ ನಂಬುವುದಿಲ್ಲ. ಅಕ್ಕ ನೆಟ್ ಕಂಪನಿಯವರನ್ನು ಬೈಯುತ್ತಿದ್ದಳು. ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆಯಂಥ ಸೆಲ್ ಹಾಕಿ ತಾರೀಕು ಸರಿಪಡಿಸಿದ ಮೇಲೆ ಎಲ್ಲ ತೆರೆದವು.

ನಾಲ್ಕನೆಯದು, ವಿಂಡೋಸ್ ಬರುತ್ತದೆ, ಆದರೆ ತಡ. ಕೆ.ಆರ್. ಪೇಟೆಯ ಸೋದರಮಾವನ ಲ್ಯಾಪ್‌ಟಾಪಿನಲ್ಲಿ ಬೇಕಿಲ್ಲದ ಹನ್ನೊಂದು ಪ್ರೋಗ್ರಾಂಗಳು ಆನ್ ಆದ ಕೂಡಲೇ ಎದ್ದು ಕೂರುತ್ತಿದ್ದವು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಎಂಬಲ್ಲಿ ಬೇಡವಾದದ್ದನ್ನು ನಿಲ್ಲಿಸಿ, ಆಂಟಿವೈರಸ್ ಬಿಡಿ. ಸಿ ಡ್ರೈವ್ ತುಂಬಿದ್ದರೆ ಜಾಗ ಮಾಡಿ. ಇಷ್ಟಾದರೂ ನಿಧಾನ ಎಂದರೆ ಕಾರಣ ಹಳೆಯ ಹಾರ್ಡ್ ಡಿಸ್ಕ್ ಇರಬಹುದು. ಅದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಹಳೆಯ ಕಂಪ್ಯೂಟರೂ ಒಂದು ನಿಮಿಷದೊಳಗೆ ಏಳುವುದನ್ನು ನಾನೇ ಕಂಡಿದ್ದೇನೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಮಾಡಿದಿರಿ ಎಂದು ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಕಂಪ್ಯೂಟರ್ ಒಂದು ದಿನ ಕಷ್ಟಪಟ್ಟು ಆನ್ ಆದರೂ ಸಾಕು, ಅವತ್ತೇ ಫೋಟೋ, ಪತ್ರ, ಲೆಕ್ಕಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ರಿಪೇರಿ ಆಮೇಲೆ. ನಿಮ್ಮ ಮಗನೇ ಇಂಜಿನಿಯರ್ ಆಗಿದ್ದರೂ ಸರಿ, ಫಾರ್ಮ್ಯಾಟ್ ಮಾಡಲು ಕೂತರೆ ಕೈ ಹಿಡಿದು, "ಕಾಪಿ ಮಾಡಿದ್ದೀಯಾ?" ಎಂದು ಕೇಳಿ.

ಅಳಿಸಿಹೋದ ಕಡತ ಹುಡುಕುವ ತಂತ್ರಾಂಶ ಹಾಕಿ ನಾನು ಎರಡು ರಾತ್ರಿ ಕುಳಿತೆ. ಒಂಬತ್ತು ಪದಗಳು ಸಿಕ್ಕವು. ಉಳಿದವನ್ನು ಅಪ್ಪ ಈಗ ಅಜ್ಜಿಯ ಜೊತೆ ಹಾಡುತ್ತಿದ್ದ ಹೆಂಗಸರ ಮನೆಗೆ ಹೋಗಿ ಮತ್ತೆ ಬರೆದುಕೊಳ್ಳುತ್ತಿದ್ದಾರೆ, ಈ ಸಲ ನೋಟ್‌ಬುಕ್ಕಿನಲ್ಲಿ. ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಸೋಬಾನೆ ಪದ ಗೊತ್ತಿದ್ದರೆ ಊಟದ ಹೊತ್ತಿನಲ್ಲಿ ದಯವಿಟ್ಟು ಅವರಿಗೆ ಹೇಳಿ.

ಸ್ಮರಣ ಸಂಚಿಕೆಯ ಸಮಿತಿಯವರಿಗೂ ಒಂದು ಮಾತು. ಐವತ್ತು ವರ್ಷದ ಫೋಟೋಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿವೆ ಎಂದು ಕೇಳಿದೆ. ಇವತ್ತು ಸಂಜೆಯೇ ಕಾಪಿ ಮಾಡಿಕೊಡುತ್ತೇನೆ. ಡಿಸ್ಕ್ ತಂದಿದ್ದೇನೆ.