ಸೋತವರೇ ಓದಿ ಹೇಳುವ ಫಲಿತಾಂಶ



2021ರ ಜನವರಿ 6, ಬುಧವಾರ ರಾತ್ರಿ. ನಾನಾಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಮೆರಿಕದ ಕ್ಲೈಂಟ್‌ಗಳ ಲೆಕ್ಕ ನೋಡೋ ಕೆಲಸದಲ್ಲಿದ್ದೆ. ಬಿಕಾಂ ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ಕೊರೊನಾ ಕಾಲ, ವರ್ಕ್ ಫ್ರಮ್ ಹೋಮ್, ನೈಟ್ ಶಿಫ್ಟ್. ಡಿಸೆಂಬರ್ ತಿಂಗಳ ಬುಕ್ಸ್ ಕ್ಲೋಸ್ ಮಾಡ್ತಾ ಇದ್ದೆವು. ರಾತ್ರಿ ಹನ್ನೆರಡೂ ಮುಕ್ಕಾಲು, ಒಂದು ಗಂಟೆ ಇರಬೇಕು, ಓಹಾಯೋದಲ್ಲಿದ್ದ ನಮ್ಮ ಕ್ಲೈಂಟ್ ಕಡೆಯ ಮೇಡಂ ಚಾಟ್‌ನಲ್ಲಿ ಒಂದೇ ಸಾಲು ಹಾಕಿದ್ರು: ಇವತ್ತು ಇನ್ನು ಕೆಲಸ ಆಗಲ್ಲ, ನ್ಯೂಸ್ ನೋಡಿ. ಅಮ್ಮ ಮಲಗಿದ್ರು, ಟಿವಿ ಹಾಕೋ ಹಾಗಿರಲಿಲ್ಲ. ಮೊಬೈಲ್‌ನಲ್ಲೇ ನೋಡಿದೆ. ವಾಷಿಂಗ್ಟನ್‌ನ ಸಂಸತ್ ಭವನದ ಕಿಟಕಿ ಗಾಜು ಒಡೆದು ಜನ ಒಳಗೆ ನುಗ್ತಾ ಇದ್ರು.

ಎಲ್ಲರ ಹಾಗೆ ನಾನೂ ಬಾಯಿ ಬಿಟ್ಕೊಂಡು ನೋಡಿದೆ. ಆದರೆ ತಲೇಲಿ ಕೊರೀತಾ ಇದ್ದಿದ್ದು ಬೇರೆ. ಚುನಾವಣೆ ಆಗಿದ್ದು ನವೆಂಬರ್ 3ಕ್ಕೆ. ಜನವರಿ 6ಕ್ಕೆ ಒಳಗಡೆ ಇವರು ಏನನ್ನ ಎಣಿಸ್ತಾ ಇದ್ದಾರೆ? ಅದಕ್ಕಿಂತ ಮುಖ್ಯವಾಗಿ, ಎಣಿಕೆಯ ಕುರ್ಚಿಯಲ್ಲಿ ಕೂತಿರೋದು ಉಪಾಧ್ಯಕ್ಷ ಮೈಕ್ ಪೆನ್ಸ್, ಅಂದ್ರೆ ಸೋತ ಪಕ್ಷದ ಅಭ್ಯರ್ಥಿ! ತಾನು ಸೋತ ಚುನಾವಣೆಯ ಲೆಕ್ಕವನ್ನ ತಾನೇ ಓದಿ ಹೇಳೋದಾ? ಯಾವ ಆಡಿಟರ್ ಒಪ್ತಾನೆ ಇದನ್ನ?

ಸ್ವಲ್ಪ ವ್ಯವಸ್ಥೆ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ನಮ್ಮಲ್ಲಿರೋ ಚುನಾವಣಾ ಆಯೋಗದಂಥ ಸಂಸ್ಥೆ ಅಲ್ಲಿಲ್ಲ. ಇಡೀ ದೇಶಕ್ಕೆ ಚುನಾವಣೆ ನಡೆಸಿ, ಇಂಥವರು ಗೆದ್ದರು ಅಂತ ಘೋಷಿಸೋ ಒಂದು ಕಚೇರಿಯೇ ಇಲ್ಲ. ಪ್ರತಿ ರಾಜ್ಯ ತನ್ನ ಚುನಾವಣೆ ತಾನೇ ನಡೆಸುತ್ತೆ. ರಾಜ್ಯದೊಳಗೆ ನಮ್ಮ ಜಿಲ್ಲೆ ಥರದ ಕೌಂಟಿಗಳು, ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಕೌಂಟಿ ಸಹಿ ಹಾಕಿ ರಾಜ್ಯಕ್ಕೆ ಕಳಿಸಬೇಕು, ರಾಜ್ಯ ದೃಢೀಕರಿಸಬೇಕು. ಆಮೇಲೆ ಎಲೆಕ್ಟರ್‌ಗಳು ವೋಟು ಹಾಕ್ತಾರೆ. ಒಟ್ಟು 538 ವೋಟು, ಗೆಲ್ಲೋಕೆ 270. ಆ ಲಕೋಟೆಗಳು ವಾಷಿಂಗ್ಟನ್‌ಗೆ ಹೋಗ್ತವೆ. ಜನವರಿ 6ಕ್ಕೆ ಎರಡೂ ಸದನಗಳ ಮುಂದೆ ಅವನ್ನ ತೆರೆದು ಎಣಿಸ್ತಾರೆ. ಕುರ್ಚಿಯಲ್ಲಿ ಕೂರೋದು ಹಾಲಿ ಉಪಾಧ್ಯಕ್ಷ.

ಈ ಸರಪಳಿಯಲ್ಲಿ ಎಷ್ಟು ಸಹಿ ಬೀಳ್ತವೆ ನೋಡಿ. ಅವುಗಳಲ್ಲಿ ಬಹಳಷ್ಟು ಪಕ್ಷದವರದ್ದೇ. ನಮ್ಮ ಕಾಮರ್ಸ್ ಓದಿನಲ್ಲಿ ಹೇಳಿಕೊಡೋದು, ಹಿತಾಸಕ್ತಿ ಇರೋನು ಲೆಕ್ಕಕ್ಕೆ ಸಹಿ ಹಾಕಬಾರದು ಅಂತ. ಅಲ್ಲಿ ಹಿತಾಸಕ್ತಿ ಇರೋನೇ ಸಹಿ ಹಾಕ್ತಾನೆ. ಮೊದಲು ನಂಗೆ ಇದು ಶುದ್ಧ ಹುಚ್ಚುತನ ಅನಿಸಿತ್ತು. ಆಮೇಲೆ ಹಳೇ ಚುನಾವಣೆಗಳ ಕಥೆ ಓದ್ತಾ ಹೋದ ಹಾಗೆ ಅಭಿಪ್ರಾಯ ಬದಲಾಯ್ತು. ಗೆದ್ದೋನು 'ನಾನು ಗೆದ್ದೆ' ಅಂದ್ರೆ ಅದರಲ್ಲೇನಿದೆ ವಿಶೇಷ? ಸೋತೋನು 'ನಾನು ಸೋತೆ' ಅಂತ ಬರೆದುಕೊಟ್ರೆ ಅದಕ್ಕಿಂತ ದೊಡ್ಡ ವೋಚರ್ ಇಲ್ಲ.

1961ರ ಜನವರಿ 6ನ್ನೇ ತಗೊಳ್ಳಿ. ಕುರ್ಚಿಯಲ್ಲಿದ್ದೋರು ರಿಚರ್ಡ್ ನಿಕ್ಸನ್. ಹೌದು, ಆಮೇಲೆ ವಾಟರ್‌ಗೇಟ್‌ನಲ್ಲಿ ಹೆಸರು ಕೆಡಿಸಿಕೊಂಡ ಅದೇ ನಿಕ್ಸನ್. ಕೆನಡಿ ಎದುರು ಸೋತಿದ್ರು. ಹವಾಯಿ ಆಗಷ್ಟೇ ರಾಜ್ಯವಾಗಿತ್ತು, ಅದು ಅದರ ಮೊದಲ ಅಧ್ಯಕ್ಷೀಯ ಚುನಾವಣೆ. ಮೊದಲ ಎಣಿಕೆಯಲ್ಲಿ ನಿಕ್ಸನ್ 141 ವೋಟಿನಿಂದ ಮುಂದೆ. ರಾಜ್ಯ ಅದನ್ನೇ ದೃಢೀಕರಿಸಿತು. ಕೋರ್ಟಿನ ಮರುಎಣಿಕೆ ನಡೀತಾ ಇರುವಾಗಲೇ ಎಲೆಕ್ಟರ್‌ಗಳು ವೋಟು ಹಾಕೋ ದಿನ ಬಂತು. ಎರಡೂ ಪಕ್ಷದವರು ತಮ್ಮ ತಮ್ಮ ಪತ್ರ ಬರೆದು ಕಳಿಸಿಬಿಟ್ರು. ಕೊನೆಗೆ ಮರುಎಣಿಕೆಯಲ್ಲಿ ಕೆನಡಿ 115 ವೋಟಿನಿಂದ ಗೆದ್ದರು, ಗವರ್ನರ್ ಹೊಸದಾಗಿ ದೃಢೀಕರಿಸಿ ಕಳಿಸಿದ್ರು. ಅವರು ರಿಪಬ್ಲಿಕನ್ ಗವರ್ನರ್, ನಿಕ್ಸನ್ ಪಕ್ಷದೋರೇ. ಜನವರಿ 6ಕ್ಕೆ ನಿಕ್ಸನ್ ಮುಂದೆ ಹವಾಯಿಯ ಲಕೋಟೆಗಳು. ಯಾರದ್ದೂ ಆಕ್ಷೇಪ ಇಲ್ಲದಿದ್ರೆ ಕೆನಡಿ ಕಡೆಯ ಪತ್ರವನ್ನೇ ಎಣಿಸೋಣ ಅಂದ್ರು. ಇದು ಮುಂದಿನೋರಿಗೆ ಪೂರ್ವನಿದರ್ಶನ ಆಗಬಾರದು ಅಂತಾನೂ ಸೇರಿಸಿದ್ರು. ಹವಾಯಿಯ ಮೂರು ವೋಟಿನಿಂದ ಫಲಿತಾಂಶವೇನೂ ಬದಲಾಗ್ತಿರಲಿಲ್ಲ, ನಿಜ. ಆದರೂ ಮಾಡಬಹುದಾಗಿದ್ದ ಗಲಾಟೆ ಮಾಡಲಿಲ್ಲ.

ಈ ಹವಾಯಿ ಕಥೆಯನ್ನೇ 2020ರಲ್ಲಿ ಕೆಲವರು ಎತ್ತಿಕೊಂಡ್ರು. ಟ್ರಂಪ್ ಸೋತಿದ್ದ ಏಳು ರಾಜ್ಯಗಳಿಂದ ರಿಪಬ್ಲಿಕನ್ನರು ತಮ್ಮದೇ ಎಲೆಕ್ಟರ್ ಪತ್ರ ಮಾಡಿ ಕಳಿಸಿದ್ರು. ಆಗ ಮಾಡಿದ್ರಲ್ಲ, ನಾವು ಮಾಡಿದ್ರೇನು ಅನ್ನೋ ವಾದ. ವ್ಯತ್ಯಾಸ ಏನಂದ್ರೆ, ಹವಾಯಿಯಲ್ಲಿ ಕೋರ್ಟಿನ ಮರುಎಣಿಕೆ ಇನ್ನೂ ಮುಗಿದಿರಲಿಲ್ಲ. ಇಲ್ಲಿ ಎಲ್ಲ ರಾಜ್ಯಗಳೂ ದೃಢೀಕರಿಸಿ ಆಗಿತ್ತು.

ಅಲ್ ಗೋರ್ ಕಥೆ ಇನ್ನೂ ಕಷ್ಟದ್ದು. 2000ದ ಚುನಾವಣೆಯಲ್ಲಿ ದೇಶದಾದ್ಯಂತ ಜಾರ್ಜ್ ಬುಷ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ವೋಟು ಪಡೆದೋರು ಗೋರ್. ಆದರೆ ಫ್ಲೋರಿಡಾದಲ್ಲಿ 537 ವೋಟಿನಿಂದ ಹೋಯ್ತು. ಮರುಎಣಿಕೆ ಮಧ್ಯೆ ಸುಪ್ರೀಂ ಕೋರ್ಟ್ ಡಿಸೆಂಬರ್ 12ಕ್ಕೆ ತೆರೆ ಎಳೀತು. ತೀರ್ಪು ಒಪ್ಪಲ್ಲ, ಆದರೆ ತಲೆಬಾಗ್ತೀನಿ ಅನ್ನೋ ಧಾಟಿಯಲ್ಲಿ ಮರುದಿನ ಗೋರ್ ಸೋಲೊಪ್ಪಿಕೊಂಡ್ರು. ಜನವರಿ 6ಕ್ಕೆ ಅದೇ ಗೋರ್ ಕುರ್ಚಿಯಲ್ಲಿ. ಅವರದ್ದೇ ಪಕ್ಷದ ಹೌಸ್ ಸದಸ್ಯರು, ಹೆಚ್ಚಾಗಿ ಕಪ್ಪುವರ್ಣೀಯರು, ಒಬ್ಬೊಬ್ಬರಾಗಿ ಎದ್ದು ಫ್ಲೋರಿಡಾ ಬಗ್ಗೆ ಆಕ್ಷೇಪ ಎತ್ತಿದ್ರು. ನಿಯಮದ ಪ್ರಕಾರ ಒಬ್ಬ ಸೆನೆಟರ್ ಸಹಿಯೂ ಬೇಕು. ಒಬ್ಬರೂ ಹಾಕಿರಲಿಲ್ಲ. ತನ್ನ ಪರವಾಗಿ ಎದ್ದು ನಿಂತೋರನ್ನ ಗೋರ್ ತಾನೇ ಮರದ ಸುತ್ತಿಗೆ ಕುಟ್ಟಿ ಕೂರಿಸಬೇಕಾಯ್ತು. ಆ ವಿಡಿಯೋ ಈಗಲೂ ಸಿಗುತ್ತೆ, ನೋಡಿ. ನಾನಂತೂ ಎರಡು ಸಲ ನೋಡಿದೀನಿ.

ಸೋತೋರು ಬಗ್ಗಿದ್ರೆ ಎಲ್ಲಾ ಸರಿ ಅಂತ ಹೇಳ್ತಾ ಇಲ್ಲ ನಾನು. 1876ರ ಕಥೆ ಕೇಳಿ. ಡೆಮಾಕ್ರಟ್ ಸ್ಯಾಮ್ಯುಯೆಲ್ ಟಿಲ್ಡನ್‌ಗೆ 184 ಎಲೆಕ್ಟರ್ ವೋಟು ಬಂದಿತ್ತು, ಬೇಕಿದ್ದದ್ದು 185. ಇಪ್ಪತ್ತು ವೋಟು ತಕರಾರಿನಲ್ಲಿ. ತೀರ್ಮಾನಕ್ಕೆ ಹದಿನೈದು ಜನರ ಆಯೋಗ ಮಾಡಿದ್ರು. ಪಕ್ಷದ ಗೆರೆ ಮೇಲೇ 8-7 ಅಂತ ಮತ ಬಿದ್ದು, ಇಪ್ಪತ್ತಕ್ಕೆ ಇಪ್ಪತ್ತೂ ರಿಪಬ್ಲಿಕನ್ ರದರ್‌ಫರ್ಡ್ ಹೇಸ್‌ಗೆ ಹೋಯ್ತು. ತೀರ್ಮಾನ ಮುಗಿದಾಗ ಅಧಿಕಾರ ಹಸ್ತಾಂತರಕ್ಕೆ ಎರಡು ದಿನ ಬಾಕಿ. ಡೆಮಾಕ್ರಟರು ಕೊನೆಗೆ ಒಪ್ಪಿದ್ರು. ಆದರೆ ಸ್ವಲ್ಪ ದಿನದಲ್ಲೇ ದಕ್ಷಿಣದ ರಾಜಧಾನಿಗಳಲ್ಲಿ ಉಳಿದಿದ್ದ ಫೆಡರಲ್ ಸೈನಿಕರನ್ನ ಹಿಂದಕ್ಕೆ ಕರೆಸಿಕೊಂಡ್ರು. ಗುಲಾಮಗಿರಿಯಿಂದ ಆಗಷ್ಟೇ ಹೊರಬಂದಿದ್ದ ಕಪ್ಪುಜನರನ್ನ ಕಾಯೋರು ಯಾರೂ ಉಳಿಯಲಿಲ್ಲ. ಅವರ ವೋಟಿನ ಹಕ್ಕು ಎಷ್ಟೋ ದಶಕ ಬರೀ ಕಾಗದದ ಮೇಲಿತ್ತು. ಮೇಲಿನೋರು ರಾಜಿಯಾದ್ರು, ಬಿಲ್ ಕಟ್ಟಿದೋರು ಬೇರೆಯೋರು. ಆ ಗೊಂದಲ ಮತ್ತೆ ಬರಬಾರದು ಅಂತ 1887ರಲ್ಲಿ ಒಂದು ಕಾನೂನು ಮಾಡಿದ್ರು. ಅದರ ಭಾಷೆಯೇ ಒಂದು ಗೊಂದಲ. 2021ರಲ್ಲಿ ಕಿತ್ತಾಡಿದ್ದೆಲ್ಲ ಅದರ ಸಂದಿಗಳಲ್ಲೇ.

ಈಗ 2020ಕ್ಕೆ ಬರೋಣ. ಎಲ್ಲರೂ ಟ್ರಂಪ್, ಬೈಡನ್, ಪೆನ್ಸ್ ಅಂತಾರೆ. ನಂಗೆ ಆಸಕ್ತಿ ಕೆಳಗಿನ ಸಹಿಗಳಲ್ಲಿ.

ಮಿಷಿಗನ್ ರಾಜ್ಯದಲ್ಲಿ ಫಲಿತಾಂಶ ದೃಢೀಕರಿಸೋಕೆ ನಾಲ್ಕು ಜನರ ಮಂಡಳಿ ಇದೆ, ಪಕ್ಷಕ್ಕೆ ಇಬ್ಬರಂತೆ. ಬೈಡನ್ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವೋಟಿನಿಂದ ಗೆದ್ದಿದ್ರು. ಆದರೂ ದೃಢೀಕರಿಸಬೇಡಿ ಅಂತ ಒತ್ತಡ. ನವೆಂಬರ್ 23ಕ್ಕೆ ಸಭೆ. ಒಬ್ಬ ರಿಪಬ್ಲಿಕನ್ ಸದಸ್ಯರು ಮತ ಹಾಕದೆ ಉಳಿದ್ರು. ಇನ್ನೊಬ್ಬರು ಆರನ್ ವಾನ್ ಲ್ಯಾಂಗ್‌ವೆಲ್ಡ್ ಅನ್ನೋ ವಕೀಲರು. ಕಾನೂನು ನಮಗೆ ಕೊಟ್ಟಿರೋ ಕೆಲಸ ಲೆಕ್ಕ ಬಂದಿದೆಯಾ ನೋಡಿ ದೃಢೀಕರಿಸೋದು, ಅದಕ್ಕಿಂತ ಹೆಚ್ಚಿನ ಅಧಿಕಾರ ಇಲ್ಲ ಅನ್ನೋದು ಅವರ ನಿಲುವು. ಪರವಾಗಿ ಮತ ಹಾಕಿದ್ರು. ಅವಧಿ ಮುಗಿದಾಗ ಪಕ್ಷ ಅವರ ಹೆಸರನ್ನ ಮತ್ತೆ ಸೂಚಿಸಲಿಲ್ಲ.

ಜಾರ್ಜಿಯಾದಲ್ಲಿ ಅಂತರ 11,779. ಸುಮಾರು ಐವತ್ತು ಲಕ್ಷ ಮತಪತ್ರಗಳನ್ನ ಕೈಯಲ್ಲೇ ಮತ್ತೆ ಎಣಿಸಿದ್ರು, ಗೆದ್ದೋರು ಬದಲಾಗಲಿಲ್ಲ. ಚುನಾವಣೆಯ ಹೊಣೆ ಹೊತ್ತಿದ್ದೋರು ಬ್ರಾಡ್ ರಾಫೆನ್ಸ್‌ಪರ್ಗರ್, ವೃತ್ತಿಯಿಂದ ಇಂಜಿನಿಯರ್, ರಿಪಬ್ಲಿಕನ್, ಟ್ರಂಪ್‌ಗೇ ವೋಟು ಹಾಕಿದೋರು. ಜನವರಿ 2ಕ್ಕೆ ಟ್ರಂಪ್ ಫೋನ್ ಮಾಡಿ ಸುಮಾರು ಒಂದು ಗಂಟೆ ಮಾತಾಡಿದ್ರು. 11,780 ವೋಟು ಹುಡುಕಿಕೊಡಬೇಕು ಅಂದ್ರು. ಅಂತರಕ್ಕಿಂತ ಒಂದು ಜಾಸ್ತಿ. ಅಕೌಂಟ್ಸ್ ಕೆಲಸ ಮಾಡಿದೋರಿಗೆ ಇದು ತಕ್ಷಣ ಹೊಳೆಯುತ್ತೆ. ಟ್ಯಾಲಿ ಆಗದ ಲೆಕ್ಕಕ್ಕೆ ಮೊದಲು ಮೊತ್ತ ಬರೆದು, ಆಮೇಲೆ ವೋಚರ್ ಹುಡುಕೋ ಕೆಲಸ. ನನ್ನ ಮೊದಲ ಕೆಲಸದಲ್ಲಿ ಅಂಥ ಎಂಟ್ರಿ ಒಂದನ್ನ ಹಾಕು ಅಂತ ಮೇಲಿನೋರು ಒಬ್ರು ನಂಗೂ ಹೇಳಿದ್ರು. ಹಾಕಿದೆ. ಇಪ್ಪತ್ತೆರಡನೇ ವಯಸ್ಸು, ಪ್ರೊಬೇಷನ್. ಹಾಗಾಗಿ, ನಿಮ್ಮ ಅಂಕಿ ತಪ್ಪು ಸರ್ ಅಂತ ಅಧ್ಯಕ್ಷರಿಗೇ ಹೇಳಿದ ಆ ಮನುಷ್ಯನ ರೆಕಾರ್ಡಿಂಗ್ ಕೇಳುವಾಗ ನಂಗೆ ಸ್ವಲ್ಪ ಮುಜುಗರವೇ ಆಗುತ್ತೆ.

ಒಂದು ಮಾತು. ಅರವತ್ತಕ್ಕೂ ಹೆಚ್ಚು ಕೇಸು ಹಾಕಿದ್ರು, ಹೆಚ್ಚುಕಮ್ಮಿ ಎಲ್ಲಾ ಬಿದ್ದುಹೋದ್ವು. ತೀರ್ಪು ಕೊಟ್ಟೋರಲ್ಲಿ ಟ್ರಂಪ್ ನೇಮಿಸಿದ ಜಡ್ಜ್‌ಗಳೂ ಇದ್ರು. ಫಲಿತಾಂಶ ಬದಲಿಸೋಷ್ಟು ಅಕ್ರಮ ಸಿಕ್ಕಿಲ್ಲ ಅಂತ ಟ್ರಂಪ್ ಸರ್ಕಾರದ ಅಟಾರ್ನಿ ಜನರಲ್ ವಿಲಿಯಂ ಬಾರ್ ಅವರೇ ಡಿಸೆಂಬರ್ 1ಕ್ಕೆ ಹೇಳಿದ್ರು.

ಅಧಿಕಾರ ಹಸ್ತಾಂತರಕ್ಕೂ ಇಂಥದ್ದೇ ಒಂದು ಸಹಿ ಬೇಕು. ಸರ್ಕಾರಿ ಕಟ್ಟಡ, ಖರೀದಿ ನೋಡಿಕೊಳ್ಳೋ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಅಂತ ಒಂದು ಇಲಾಖೆ ಇದೆ. ಅದರ ಮುಖ್ಯಸ್ಥರು, ಇಂಥವರು ಗೆದ್ದ ಹಾಗೆ ಕಾಣುತ್ತೆ ಅಂತ ಒಂದು ಪತ್ರ ಕೊಡಬೇಕು. 1963ರ ಕಾನೂನು. ಆ ಪತ್ರ ಸಿಕ್ಕಿದ ಮೇಲೇ ಹೊಸಬರ ತಂಡಕ್ಕೆ ಹಣ, ಇಲಾಖೆಗಳೊಳಗೆ ಪ್ರವೇಶ. 2020ರಲ್ಲಿ ಎಮಿಲಿ ಮರ್ಫಿ ಆ ಜಾಗದಲ್ಲಿದ್ರು. ಮಾಧ್ಯಮಗಳು ಬೈಡನ್ ಗೆದ್ದರು ಅಂದಿದ್ದು ನವೆಂಬರ್ 7, ಪತ್ರ ಬಂದಿದ್ದು 23. ತನಗೆ, ಮನೆಯೋರಿಗೆ, ಕೊನೆಗೆ ಸಾಕುಪ್ರಾಣಿಗಳಿಗೂ ಬೆದರಿಕೆ ಬಂದಿದೆ ಅಂತ ಆ ಪತ್ರದಲ್ಲೇ ಬರೆದಿದ್ರು.

ಹದಿನಾರು ದಿನ ತಾನೇ ಅಂತೀರಾ? ಸುಮಾರು ನಾಲ್ಕು ಸಾವಿರ ಹುದ್ದೆಗಳಿಗೆ ಹೊಸಬರನ್ನ ಹುಡುಕಬೇಕು. ಅದರಲ್ಲಿ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್ ಒಪ್ಪಿಗೆ ಬೇಕು. 2000ದಲ್ಲಿ ಫ್ಲೋರಿಡಾ ಜಗಳದಿಂದ ಬುಷ್ ತಂಡಕ್ಕೆ ಸಿಕ್ಕ ಸಮಯ ಅರ್ಧಕ್ಕೆ ಇಳಿದಿತ್ತು. ಭದ್ರತೆಯ ಪ್ರಮುಖ ಹುದ್ದೆಗಳು ತುಂಬೋದು ತಡವಾಯ್ತು ಅಂತ ಸೆಪ್ಟೆಂಬರ್ 11ರ ದಾಳಿ ಬಗ್ಗೆ ತನಿಖೆ ಮಾಡಿದ ಆಯೋಗವೇ ಬರೆದಿದೆ. ಅದರಿಂದಲೇ ದಾಳಿ ಆಯ್ತು ಅಂತ ಆಯೋಗ ಹೇಳಿಲ್ಲ, ನಾನೂ ಹೇಳಲ್ಲ. 2020ರಲ್ಲಂತೂ ಲಸಿಕೆ ಹಂಚೋ ಯೋಜನೆ ತಲೆ ಮೇಲೆ ಕೂತಿತ್ತು. (ಅಂದ ಹಾಗೆ, 2001ರಲ್ಲಿ ಕ್ಲಿಂಟನ್ ಸಿಬ್ಬಂದಿ ಹೋಗುವಾಗ ಕೀಬೋರ್ಡ್‌ಗಳಿಂದ 'ಡಬ್ಲ್ಯೂ' ಕೀ ಕಿತ್ತುಹಾಕಿದ್ರು, ಬುಷ್ ಹೆಸರಿನ ನಡುವಿನ ಅಕ್ಷರ ನೋಡಿ. ಅದಕ್ಕೂ ಅಧಿಕೃತ ತನಿಖೆ ಆಯ್ತು, ಒಂದಷ್ಟು ನಿಜವೇ ಅಂತ ವರದಿನೂ ಬಂತು.)

ಡೆಮಾಕ್ರಟರು ಸಾಚಾ ಅನ್ಕೋಬೇಡಿ. 2005ರಲ್ಲಿ ಓಹಾಯೋ ಫಲಿತಾಂಶಕ್ಕೆ ಸೆನೆಟರ್ ಬಾರ್ಬರಾ ಬಾಕ್ಸರ್ ಆಕ್ಷೇಪಕ್ಕೆ ಸಹಿ ಹಾಕಿದ್ರು. 2017ರಲ್ಲಿ ಟ್ರಂಪ್ ಗೆಲುವಿಗೆ ಹಲವು ಹೌಸ್ ಸದಸ್ಯರು ಆಕ್ಷೇಪ ಎತ್ತಿದಾಗ, ಸೆನೆಟರ್ ಸಹಿ ಇಲ್ಲ, ಮುಗೀತು ಅಂತ ಕೂರಿಸಿದೋರು ಉಪಾಧ್ಯಕ್ಷ ಬೈಡನ್. ಆ ಎರಡೂ ಸಲ ಸೋತ ಅಭ್ಯರ್ಥಿ ಮರುದಿನವೇ ಸೋಲೊಪ್ಪಿಕೊಂಡು ಆಗಿತ್ತು, ಹಾಗಾಗಿ ನಾನು ಇದನ್ನ 2021ಕ್ಕೆ ಸಮ ಅನ್ನಲ್ಲ. ಆದರೆ ಸೋತಾಗೆಲ್ಲ ಎದ್ದು ನಿಲ್ಲೋ ಅಭ್ಯಾಸ ಎರಡೂ ಕಡೆ ಬೆಳೀತಾ ಬಂದಿತ್ತು.

2022ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷ ಸೇರಿ ಕಾನೂನು ತಿದ್ದಿದ್ರು. ಉಪಾಧ್ಯಕ್ಷರ ಕೆಲಸ ಬರೀ ಔಪಚಾರಿಕ ಅಂತ ಸ್ಪಷ್ಟವಾಗಿ ಬರೆದ್ರು. ಆಕ್ಷೇಪಕ್ಕೆ ಸದನಕ್ಕೆ ಒಬ್ಬರ ಸಹಿ ಸಾಲದು, ಎರಡೂ ಸದನಗಳ ಐದನೇ ಒಂದು ಭಾಗ ಬೇಕು. ಐದು ದಿನದೊಳಗೆ ಯಾರೂ ಸೋಲೊಪ್ಪದಿದ್ರೆ ಹಸ್ತಾಂತರದ ಸೌಲಭ್ಯ ಇಬ್ಬರಿಗೂ. ಒಳ್ಳೇ ಕಾನೂನೇ. ಆದರೆ ಸಹಿ ಹಾಕೋ ಕೈ ಯಾರದ್ದು ಅನ್ನೋದನ್ನ ಕಾನೂನು ತೀರ್ಮಾನಿಸಲ್ಲ. ಅರಿಜೋನಾ ಸ್ಪೀಕರ್ ಆಗಿದ್ದ ರಿಪಬ್ಲಿಕನ್ ರಸ್ಟಿ ಬೋವರ್ಸ್ ಒತ್ತಡಕ್ಕೆ ಬಗ್ಗಲಿಲ್ಲ, 2022ರ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತ್ರು. ಲಿಜ್ ಚೇನಿ ಸೋತ್ರು. ರಾಫೆನ್ಸ್‌ಪರ್ಗರ್ ಮಾತ್ರ ಮತ್ತೆ ಗೆದ್ದರು. 2025ರ ಜನವರಿ 20ಕ್ಕೆ, ಮತ್ತೆ ಅಧಿಕಾರಕ್ಕೆ ಬಂದ ಮೊದಲ ದಿನವೇ ಟ್ರಂಪ್ ಜನವರಿ 6ರ ದಾಳಿಯ ಸುಮಾರು ಒಂದೂವರೆ ಸಾವಿರ ಆರೋಪಿ, ಅಪರಾಧಿಗಳಿಗೆ ಕ್ಷಮೆ ಕೊಟ್ರು.

ಅದಕ್ಕೆ ಎರಡು ವಾರ ಮೊದಲು, ಜನವರಿ 6ಕ್ಕೆ, ಕಮಲಾ ಹ್ಯಾರಿಸ್ ಕುರ್ಚಿಯಲ್ಲಿ ಕೂತು ಟ್ರಂಪ್ 312, ತಾನು 226 ಅಂತ ಓದಿದ್ರು. ಒಂದು ಆಕ್ಷೇಪವೂ ಬರಲಿಲ್ಲ. ಹೊಸ ಕಾನೂನು ಕೆಲಸ ಮಾಡ್ತು ಅಂತ ಕೆಲವರು ಬರೆದ್ರು. ನಂಗೆ ಹಾಗನಿಸಲ್ಲ. ಫಲಿತಾಂಶ ಒಪ್ಪಲ್ಲ ಅಂತಿದ್ದೋರೇ ಗೆದ್ದಾಗ ಕಾನೂನಿಗೆ ಪರೀಕ್ಷೆ ಎಲ್ಲಿಂದ ಬರುತ್ತೆ?

ಮುಂದಿನ ಎಣಿಕೆ 2029ರ ಜನವರಿಯಲ್ಲಿ. ಈಗಿನ ಲೆಕ್ಕದಲ್ಲಿ ಕುರ್ಚಿಯಲ್ಲಿ ಇರೋರು ಜೆ.ಡಿ. ವ್ಯಾನ್ಸ್. 2024ರ ಫೆಬ್ರವರಿಯಲ್ಲಿ, ಇನ್ನೂ ಸೆನೆಟರ್ ಆಗಿದ್ದಾಗ ಟಿವಿಯಲ್ಲಿ ಅವರನ್ನ ಕೇಳಿದ್ರು, 2021ರಲ್ಲಿ ಪೆನ್ಸ್ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ ಅಂತ. ಕೆಲವು ರಾಜ್ಯಗಳಿಂದ ಒಂದಕ್ಕಿಂತ ಹೆಚ್ಚು ಎಲೆಕ್ಟರ್ ಪಟ್ಟಿ ಬರಬೇಕು ಅಂತ ಹೇಳ್ತಿದ್ದೆ, ಆಮೇಲೆ ಸಂಸತ್ತು ನೋಡಿಕೊಳ್ತಿತ್ತು ಅಂದಿದ್ರು. ಅವರೇ ಅಭ್ಯರ್ಥಿಯಾಗಿ, ಅವರೇ ಸೋತು, ಅವರೇ ಓದಬೇಕಾಗಿ ಬಂದ್ರೆ?

ಓಹಾಯೋ ಮೇಡಂ ಆ ರಾತ್ರಿ ಆಮೇಲೆ ಆನ್‌ಲೈನ್ ಬರಲೇ ಇಲ್ಲ. ಪೆನ್ಸ್ ಎಣಿಕೆ ಮುಗಿಸಿ 306, 232 ಅಂತ ಓದಿದಾಗ ಅಲ್ಲಿ ಬೆಳಗಿನ ಜಾವ ಮೂರೂ ಮುಕ್ಕಾಲು, ನಮಗೆ ಮಧ್ಯಾಹ್ನ ಎರಡು ದಾಟಿತ್ತು. ನಾನು ಎದ್ದು ಊಟಕ್ಕೆ ಕೂತಿದ್ದೆ. ಸಂಜೆ ಲಾಗಿನ್ ಆದಾಗ ಅವರ ಮೆಸೇಜ್ ಬಂದಿತ್ತು: ಡಿಸೆಂಬರ್ ಬುಕ್ಸ್ ಇವತ್ತು ಕ್ಲೋಸ್ ಮಾಡೋಣ.

ನಿಮ್ಮಲ್ಲಿ ಯಾರಾದರೂ ಅಮೆರಿಕದಲ್ಲಿ ಮತಗಟ್ಟೆ ಕೆಲಸ ಮಾಡಿದ್ರೆ, ವೋಟು ಎಣಿಸಿದ್ರೆ, ನಂಗೆ ಬರೀರಿ. ಮುಂದಿನ ವಾರ ಸಿಗೋಣ.