ಮೂತ್ರದ ತ್ವರಿತ ತಪಾಸಣೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚಾಮರಾಜಪೇಟೆಗೆ ಹೊಂದಿಕೊಂಡ ಕೋಟೆ ಪ್ರದೇಶದಲ್ಲಿ 1935ರಿಂದ ತಾಯಂದಿರ ಹಾಗೂ ಮಕ್ಕಳ ಸೇವೆಯಲ್ಲಿರುವ ವಾಣಿ ವಿಲಾಸ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳಿಂದಲೂ ಗರ್ಭಿಣಿಯರು ಬರುತ್ತಾರೆ. ಇಂತಹ ದೊಡ್ಡ ಆಸ್ಪತ್ರೆಗೆ ಚಳಿಜ್ವರ, ಪಕ್ಕೆನೋವುಗಳೊಡನೆ ಬರುವ ತಾಯಿಗೆ ಮೂತ್ರಪಿಂಡದ ಸೋಂಕು ತಗುಲಿದ್ದರೆ, ಅದರ ಮೂಲವನ್ನು ಹಲವು ವೇಳೆ ವಾರಗಳ ಹಿಂದೆಯೇ ಊರಿನಲ್ಲಿ ಗುರುತಿಸಬಹುದಾಗಿತ್ತು.

ನೂರು ಗರ್ಭಿಣಿಯರಲ್ಲಿ 2ರಿಂದ 10 ಮಂದಿಯ ಮೂತ್ರದಲ್ಲಿ, ಉರಿಯಾಗಲಿ ನೋವಾಗಲಿ ಇಲ್ಲದೆಯೇ, ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಇವರಲ್ಲಿ ಹಲವರ ಸೋಂಕು ಮೂತ್ರಪಿಂಡಕ್ಕೇರುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವೂ ಉಂಟು. ತೊಂದರೆಯಿಲ್ಲವೆಂದು ಆಕೆಯೇ ಹೇಳುವುದರಿಂದ ತಪಾಸಣೆಯ ಹೊರತು ಬೇರೆ ಮಾರ್ಗವಿಲ್ಲ.

ನಿಖರವಾದ ಪರೀಕ್ಷೆಯೆಂದರೆ ಕಲ್ಚರ್. ಮೂತ್ರದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಒಂದು ಮಿಲಿಲೀಟರಿಗೆ 1 ಲಕ್ಷಕ್ಕೂ ಮಿಕ್ಕಿದ್ದರೆ ಸೋಂಕೆಂದು ಪರಿಗಣಿಸುವುದು ರೂಢಿ. ಇದಕ್ಕೆ 24ರಿಂದ 48 ಗಂಟೆ ಬೇಕು. ಕೂಲಿ ಬಿಟ್ಟು ಬಂದವಳು ವರದಿಗಾಗಿ ಮತ್ತೊಮ್ಮೆ ಬರುವಳೆಂದು ನಂಬುವುದು ಕಷ್ಟ. ಆದುದರಿಂದಲೇ ತ್ವರಿತ ವಿಧಾನಗಳಿಗೆ ಬೆಲೆ.

ಅವುಗಳಲ್ಲಿ ಸುಲಭವಾದುದು ಅದ್ದುಪಟ್ಟಿ. ಎರಡು ನಿಮಿಷದೊಳಗೆ ಬಣ್ಣ ತೋರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ "ಯೂರಿನ್ ಟೆಸ್ಟ್ ಆಗಿದೆ" ಎಂದರೆ ಸಕ್ಕರೆ ಮತ್ತು ಅಲ್ಬುಮಿನ್ ಮಾತ್ರ ನೋಡಿರಬಹುದು. ಸೋಂಕಿನ ಸುಳಿವಿಗೆ ನೈಟ್ರೈಟ್ ಮತ್ತು ಬಿಳಿ ರಕ್ತಕಣಗಳ ಚೌಕಗಳಿರುವ ಪಟ್ಟಿಯೇ ಬೇಕು. ನೈಟ್ರೈಟ್ ಉಂಟಾಗಲು ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ಗಂಟೆ ಇರಬೇಕಾದ್ದರಿಂದ ಬೆಳಗಿನ ಮೊದಲ ಮೂತ್ರ ಉತ್ತಮ. ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ಉಂಟುಮಾಡುವುದೇ ಇಲ್ಲ. ಪಟ್ಟಿ ಅವುಗಳನ್ನು ತಪ್ಪಿಸಿಬಿಡುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು 2016ರ ಮಾರ್ಗಸೂಚಿಯಲ್ಲಿ, ಕಲ್ಚರ್ ಸೌಲಭ್ಯವಿಲ್ಲದೆಡೆ ಪಟ್ಟಿಗಿಂತ ಗ್ರಾಂ ಬಣ್ಣದ ಪರೀಕ್ಷೆಯನ್ನು ಮೇಲೆಂದು ಸೂಚಿಸಿದೆ. ಸೂಕ್ಷ್ಮದರ್ಶಕ, ಬಣ್ಣದ ದ್ರಾವಣಗಳು, ಬಲ್ಲ ಲ್ಯಾಬ್ ಟೆಕ್ನಿಷಿಯನ್ ಇದ್ದರೆ ಸಾಕು.

ಆದರೆ ಪರೀಕ್ಷೆ ಎಷ್ಟೇ ತ್ವರಿತವಾಗಿರಲಿ, ಮಾದರಿ ಕೆಟ್ಟರೆ ಫಲಿತಾಂಶವೂ ಕೆಡುತ್ತದೆ. ಬೆಚ್ಚಗಿನ ಮೂತ್ರದಲ್ಲಿ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಎರಡು ಗಂಟೆಯಲ್ಲಿ ಒಂದು ಅರವತ್ನಾಲ್ಕಾಗುತ್ತದೆ. ಬಸ್ಸಿನಲ್ಲಿ ಬಿಸಿಲುಂಡು ನಗರ ಸೇರಿದ ಶೀಶೆ, ಆರೋಗ್ಯವಂತಳನ್ನೂ ರೋಗಿಯೆಂದು ತೋರಿಸಿ ವೃಥಾ ಆಂಟಿಬಯಾಟಿಕ್ ಕೊಡಿಸಬಹುದು. ಎರಡು ಗಂಟೆಯೊಳಗೆ ಪರೀಕ್ಷಿಸಲಾಗದಿದ್ದರೆ 4 ಡಿಗ್ರಿಯ ತಂಪಿನಲ್ಲಿ, ಹೆಚ್ಚೆಂದರೆ ಒಂದು ದಿನ ಇಡಬೇಕು. (ಲಸಿಕೆಯ ಪೆಟ್ಟಿಗೆಯಲ್ಲಂತೂ ಇಡಲೇಕೂಡದು.)

ಮೊದಲ ಸ್ವಲ್ಪ ಮೂತ್ರವನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕೆಂದು ಆಶಾ ಕಾರ್ಯಕರ್ತೆಯರು ತಿಳಿಸುತ್ತಾರೆ. ಹಿಡಿಯುವುದೆಲ್ಲಿ? ಕೇಂದ್ರದ ಶೌಚಾಲಯಕ್ಕೆ ಬೀಗ ಹಾಕಿದ್ದರೆ, ಚಿಲಕ ಮುರಿದಿದ್ದರೆ, ನಲ್ಲಿಯಲ್ಲಿ ನೀರಿಲ್ಲದಿದ್ದರೆ ಆ ಮಾತು ನಿಷ್ಫಲ. ಇದು ವೈದ್ಯರಿಗಿಂತ ತಮ್ಮ ಕೈಯಲ್ಲಿರುವ ಕೆಲಸ. ಗರ್ಭಿಣಿಯರ ಉಚಿತ ತಪಾಸಣೆಗೆ ಪ್ರತಿ ತಿಂಗಳ 9ನೆಯ ದಿನ ನಿಗದಿಯಾಗಿದೆ. ಮುಂದಿನ 9ರ ಮೊದಲೇ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರು ತಮ್ಮ ಕೇಂದ್ರಕ್ಕೆ ಹೋಗಿ ಶೌಚಾಲಯದ ನಲ್ಲಿಯನ್ನೂ ಚಿಲಕವನ್ನೂ, ಪ್ರಯೋಗಾಲಯದ ಪಟ್ಟಿಯ ಡಬ್ಬಿಯ ಮೇಲಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡಿಬರಬೇಕೆಂದು ಕೋರುತ್ತೇನೆ.